ಹಂಪಿನಾಚೆ ನಿಂತವರು

ಸೀರೆ ಉಟ್ಟವರಿಗಾಗಿ ಮಾಡಿದ ಕಾರಲ್ಲ ಅದು. ಅದರೊಳಗೆ ಕೂರುವುದೆಂದರೆ ನೆಲದ ಮೇಲೆ ಊಟಕ್ಕೆ ಕೂತಂತೆ, ಅಷ್ಟು ತಗ್ಗು. ಇಳಿಯುವಾಗ ಒಂದು ಕೈ ಬಾಗಿಲಿಗೆ, ಇನ್ನೊಂದು ಕೈ ನೆರಿಗೆಗೆ ಕೊಟ್ಟು, ಹಲ್ಲು ಕಚ್ಚಿಕೊಂಡು ಏಳಬೇಕು. ಬೀಳಗಿಯ ಕಾಲೇಜಿನ ಅಂಗಳದಲ್ಲಿ ನಾನು ದಿನಾ ಹಾಗೆ ಏಳುವುದನ್ನು ನೋಡಲಿಕ್ಕೆಂದೇ ಹುಡುಗರು ಬೇವಿನ ಗಿಡದ ಕೆಳಗೆ ನಿಂತಿರುತ್ತಿದ್ದರು. ಇತಿಹಾಸ ಹೇಳುವ ಮೇಡಂ, ನಲವತ್ತು ದಾಟಿದ ಹೆಂಗಸು, ಸಿನಿಮಾದ ಹೀರೋ ಹೊಡೆಯುವಂಥ ಹಳದಿ ಕಾರಿನಿಂದ ಮೊಣಕಾಲು ಹಿಡಿದುಕೊಂಡು ಹೊರಗೆ ಬರುತ್ತಾಳೆ. ನಗದೆ ಏನು ಮಾಡಿಯಾರು? ನಗಲಿ ಬಿಡು ಎಂದುಕೊಂಡು ಒಳಗೆ ಹೋಗುತ್ತಿದ್ದೆ.

ಕಾರು ನನ್ನದಲ್ಲ, ನಮ್ಮವರದು. ಜಮಖಂಡಿಯ ಪೇಟೆಯಲ್ಲಿ ನಮ್ಮದು ಸೀರೆ ಅಂಗಡಿ. ಬನಹಟ್ಟಿ, ರಬಕವಿಯ ನೇಕಾರರ ಮನೆಗಳಿಂದ ಸೀರೆ ತಂದು ಮಾರುವುದು ಮಾವನವರ ಕಾಲದಿಂದ ನಡೆದುಬಂದ ಕಸುಬು. ವ್ಯಾಪಾರಕ್ಕೆಂದು ಕೊಲ್ಹಾಪುರಕ್ಕೆ ಹೋದ ನಮ್ಮವರು ಅಲ್ಲಿ ಯಾರೋ ಸಾಹುಕಾರರ ಮಗ ಕೆಲವು ವರ್ಷ ಓಡಿಸಿ ಬೇಜಾರಾಗಿ ಮಾರಲಿಟ್ಟಿದ್ದ ವಿದೇಶಿ ಕಾರನ್ನು ನೋಡಿಬಿಟ್ಟರು. ಎರಡೇ ಬಾಗಿಲು, ಟರ್ಬೋ ಇಂಜಿನ್ನು, ರಸ್ತೆ ಬಿಟ್ಟು ಹಾರುವಂಥ ಓಟ. ಸಣ್ಣವರಿದ್ದಾಗಿನಿಂದ ಅವರಿಗೆ ಒಂದೇ ಹುಚ್ಚು, ವೇಗ. ಒಂದು ಸೀರೆಯ ಸೆರಗಿನ ಬಣ್ಣಕ್ಕೆ ಅರ್ಧ ದಿನ ವಿಚಾರ ಮಾಡುವ ಮನುಷ್ಯ, ಈ ಕಾರನ್ನು ಮಾತ್ರ ಚಹಾ ಆರುವುದರೊಳಗೆ ಕೊಂಡರು.

ಮನೆಗೆ ತಂದ ದಿನ ಓಣಿಯೆಲ್ಲ ಸೇರಿತು. ನಾಲ್ಕೂ ಗಾಲಿಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು ಪೂಜೆ ಮಾಡಿದೆವು. ಅತ್ತೆಯವರು ಸುತ್ತು ಹಾಕಿ ನೋಡಿ, ಇದರಾಗ ಹಿಂದ ಕೂತವರು ಕಾಲು ಎಲ್ಲಿ ಇಡಬೇಕು ಎಂದು ಕೇಳಿದರು. ಕಾಲಿಡಲು ಜಾಗವೇ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಸೀರೆಗಂಟುಗಳು ಮಾತ್ರ ಆರಾಮಾಗಿ ಕೂತು ಬರುತ್ತಿದ್ದವು. ಊರವರು ಅದಕ್ಕೆ ಚಪ್ಪಟಿ ಎಂದು ಹೆಸರಿಟ್ಟರು. ಚಪ್ಪಟಿ ಬಂತು, ಚಪ್ಪಟಿ ಹೋತು. ಅದರ ಸಪ್ಪಳ ದೇಸಾಯಿ ಓಣಿಯ ತಿರುವಿನಲ್ಲಿ ಕೇಳಿದರೆ ನಾನು ಒಲೆಯ ಮೇಲೆ ಹಂಚು ಇಡುತ್ತಿದ್ದೆ. ಆ ಕೆಲವು ವರ್ಷ ಅವರಷ್ಟು ಖುಷಿಯಾಗಿದ್ದ ಮನುಷ್ಯನನ್ನು ನಾನು ಕಂಡಿಲ್ಲ.

ಕಣ್ಣಿನ ವಿಷಯ ಮೊದಲು ಗೊತ್ತಾಗಿದ್ದು ಅಂಗಡಿಯಲ್ಲಿ. ಗಿರಾಕಿ ಹಸಿರು ಕೇಳಿದರೆ ನೀಲಿ ತೆಗೆದುಕೊಟ್ಟರು. ಪಕ್ಕದಲ್ಲಿಟ್ಟ ಸ್ಟೂಲು ಎಡವಿದರು. ಆಮೇಲೆ ಒಂದು ಸಂಜೆ, ಮುಧೋಳದ ಹಾದಿಯಲ್ಲಿ, ಮುಂದೆ ನಿಂತಿದ್ದ ಕಬ್ಬಿನ ಟ್ರೇಲರಿಗೆ ಕಾರಿನ ಮೂಗು ತಾಗಿಸಿಕೊಂಡು ಬಂದರು. ಟ್ರೇಲರಿಗೆ ಲೈಟಿರಲಿಲ್ಲ ಎಂದು ಎರಡು ದಿನ ಒದರಾಡಿದರು. ಲೈಟಿರಲಿಲ್ಲ, ಖರೆ. ಆದರೆ ಕತ್ತಲೂ ಆಗಿರಲಿಲ್ಲ. ನಾನು ಮಿರಜಿಗೆ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರು ದೀಪ ಹಿಡಿದು ಬಹಳ ಹೊತ್ತು ನೋಡಿ, ಕಣ್ಣಿನ ಒಳಗಿನ ಪರದೆ ಅಂಚಿನಿಂದ ಒಣಗುತ್ತಾ ಬರುತ್ತಿದೆ, ಇದಕ್ಕೆ ಆಪರೇಶನ್ ಇಲ್ಲ, ಚಾಳೀಸು ಹಾಕಿಕೊಂಡರೂ ಉಪಯೋಗವಿಲ್ಲ ಎಂದರು. ಈಗ ಕೊಳವೆಯಲ್ಲಿ ನೋಡಿದ ಹಾಗೆ ನಡುವೆ ಅಷ್ಟೇ ಕಾಣುತ್ತದೆ, ಮುಂದೆ ಆ ಕೊಳವೆಯೂ ಸಣ್ಣದಾಗುತ್ತದೆ ಎಂದರು. ಗಾಡಿ ಮಾತ್ರ ಹೊಡೆಯಬಾರದು ಎಂದು ನನ್ನ ಕಡೆ ನೋಡಿ ಹೇಳಿದರು.

ನಮ್ಮವರು ಅಷ್ಟೂ ಮಾತಿನಲ್ಲಿ ಕೊನೆಯದೊಂದನ್ನು ಮಾತ್ರ ಕೇಳಿಸಿಕೊಂಡಿದ್ದರು. ಮನೆಗೆ ಬಂದು ಚಾವಿ ನನ್ನ ಕೈಯಲ್ಲಿಟ್ಟರು.

"ಸ್ವಲ್ಪ ದಿನಾ ನೀ ಹೊಡಿ. ಕಣ್ಣ ಛಲೋ ಆಗೂಮಟ."

ಪೋಲೋ ಮೈದಾನದಲ್ಲಿ ನನಗೆ ಕಲಿಸಿದರು. ಮೂವತ್ತೆಂಟು ವಯಸ್ಸಿನವರೆಗೆ ಸೈಕಲ್ಲನ್ನೂ ಹೊಡೆಯದ ನನಗೆ ಆ ಕಾರಿನಲ್ಲಿ ಮೊದಲ ಪಾಠ. ಕ್ಲಚ್ಚು ಒತ್ತುವುದೆಂದರೆ ಬೀಸುವ ಕಲ್ಲನ್ನು ಕಾಲಿನಿಂದ ತಳ್ಳಿದಂತೆ. ಸ್ವಲ್ಪ ಬಿಟ್ಟರೆ ಸಾಕು, ಕಾರು ಮುಂದಕ್ಕೆ ನೆಗೆಯುತ್ತಿತ್ತು, ನಾನು ಸ್ಟಿಯರಿಂಗ್ ತಬ್ಬಿಕೊಳ್ಳುತ್ತಿದ್ದೆ. ಅವರು ನಗುತ್ತಿದ್ದರು. ಕಣ್ಣಿನ ಸುದ್ದಿ ತಿಳಿದ ಮೇಲೆ ಅವರು ನಕ್ಕಿದ್ದು ಅಲ್ಲಿಯೇ ಮೊದಲು.

ಅದೇ ಹೊತ್ತಿಗೆ ನನಗೆ ಬೀಳಗಿಗೆ ವರ್ಗವಾಯಿತು. ಬಸ್ಸು ಇತ್ತು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನಿದ್ದೆ ಮಾಡಿಕೊಂಡು ಹೋಗುವುದು ನನಗೆ ಸ್ವರ್ಗವಾಗಿತ್ತು. ಆದರೆ ಅಂಗಡಿಯನ್ನು ಮೈದುನ ನೋಡಿಕೊಳ್ಳಲು ಶುರುಮಾಡಿದ್ದ. ನಾನು ಬಸ್ಸು ಹತ್ತಿದರೆ ಕಾರು ಮನೆಮುಂದೆ ನಿಲ್ಲುತ್ತಿತ್ತು, ಅದರ ಪಕ್ಕದಲ್ಲಿ ಇವರೂ ನಿಲ್ಲುತ್ತಿದ್ದರು. ಹಾಗಾಗಿ ದಿನಾ ಇಬ್ಬರೂ ಹೊರಟೆವು. ನನ್ನನ್ನು ಕಾಲೇಜಿಗೆ ಬಿಟ್ಟು (ಬಿಟ್ಟು ಎನ್ನುವುದು ಅವರ ಮಾತು, ಹೊಡೆಯುವವಳು ನಾನೇ) ಅವರು ಬೀಳಗಿಯ ಬಸ್‌ಸ್ಟ್ಯಾಂಡಿನ ಹತ್ತಿರ ಗುರುತಿನವರ ರಸಗೊಬ್ಬರದ ಅಂಗಡಿಯಲ್ಲಿ ಸಂಜೆತನಕ ಕೂರುತ್ತಿದ್ದರು. ಮತ್ತೆ ಇಬ್ಬರೂ ವಾಪಸು.

ಎಷ್ಟು ದಣಿದಿದ್ದೆ ಆ ವರ್ಷಗಳಲ್ಲಿ! ಆ ಕಾರಿಗೆ ನಮ್ಮ ರಸ್ತೆ ಆಗುತ್ತಿರಲಿಲ್ಲ, ನಮ್ಮ ಪೆಟ್ರೋಲು ಆಗುತ್ತಿರಲಿಲ್ಲ, ನಮ್ಮ ಬಿಸಿಲೂ ಆಗುತ್ತಿರಲಿಲ್ಲ. ಕಲ್ಲೊಂದು ತಾಗಿದರೆ ಟೈರು ಒಡೆಯುತ್ತಿತ್ತು. ಅದರ ಟೈರು ಜಮಖಂಡಿಯಲ್ಲೂ ಇಲ್ಲ, ವಿಜಾಪುರದಲ್ಲೂ ಇಲ್ಲ, ಪುಣೆಯಿಂದ ಬಸ್ಸಿನ ಮೇಲೆ ಬರಬೇಕು. ಎಸಿ ಬೇಸಿಗೆ ಬಂದ ಕೂಡಲೇ ರಜೆ ಹಾಕುತ್ತಿತ್ತು. ಮಿಸ್ತ್ರಿಗಳು ಬಾನೆಟ್ಟು ಎತ್ತಿ ನೋಡಿ, ಎಲ್ಲಾ ಮುಚ್ಚಿಟ್ಟಾರಲ್ರೀ ಎಂದು ಮತ್ತೆ ಮುಚ್ಚಿಬಿಡುತ್ತಿದ್ದರು. ಕಬ್ಬಿನ ಹಂಗಾಮಿನಲ್ಲಂತೂ ಕೇಳಬೇಡಿ. ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಕಡೆಗೆ ಹೊರಟ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರು ಕಟ್ಟಿಕೊಂಡು, ಕಿವಿ ಕಿತ್ತುಹೋಗುವಂತೆ ಹಾಡು ಹಚ್ಚಿಕೊಂಡು ಮುಂದೆ ಹೋಗುತ್ತಿದ್ದರೆ, ಗಾಳಿಯ ಜೊತೆ ಓಡಬೇಕಾದ ಕಾರು ಅವುಗಳ ಹಿಂದೆ ಎರಡನೇ ಗೇರಿನಲ್ಲಿ ಧೂಳು ತಿನ್ನುತ್ತಿತ್ತು. ನನ್ನ ಎಡ ಮೊಣಕಾಲು ಹೋಗಿದ್ದು ಆ ಎರಡನೇ ಗೇರಿನಲ್ಲಿಯೇ.

ಎಲ್ಲಕ್ಕಿಂತ ದೊಡ್ಡ ಕಾಟ ಹಂಪುಗಳದು. ನಮ್ಮ ಕಡೆ ಹಂಪ್ ಹಾಕುವುದು ಸರಕಾರವಲ್ಲ, ಊರು. ಒಂದು ಮೇಕೆಗೆ ಗಾಡಿ ಬಡಿದರೆ ಸಾಕು, ಮರುದಿನ ಊರ ಮಂದಿ ಮಣ್ಣು, ಕಲ್ಲು ತಂದು ಗುದ್ದಲಿಯಿಂದ ಬಡಿದು ರಸ್ತೆಗೆ ಅಡ್ಡಲಾಗಿ ಒಂದು ಹಂಪ್ ಎಬ್ಬಿಸುತ್ತಿದ್ದರು. ಮೇಕೆ ಯಾರದೆಂಬುದರ ಮೇಲೆ ಹಂಪಿನ ಎತ್ತರ. ಗೌಡರ ಮನೆಯದಾದರೆ ಬಸ್ಸೇ ಅದರ ಮೇಲೆ ಹೊಯ್ದಾಡುತ್ತಿತ್ತು. ಚಪ್ಪಟಿಯ ಹೊಟ್ಟೆ ನೆಲದಿಂದ ಒಂದು ಗೇಣೂ ಮೇಲಿರಲಿಲ್ಲ, ಇಬ್ಬರು ಕೂತರೆ ಇನ್ನೂ ತಗ್ಗುತ್ತಿತ್ತು. ಆದ್ದರಿಂದ ಪ್ರತಿ ಹಂಪಿನ ಮುಂದೆ ನಾನು ನಿಲ್ಲಿಸಬೇಕು, ನಮ್ಮವರು ಇಳಿಯಬೇಕು, ನಡೆದು ಆಚೆ ಹೋಗಿ ಈ ಕಡೆ ಮುಖ ಮಾಡಿ ನಿಲ್ಲಬೇಕು. ಬಗ್ಗಿ ಕಾರಿನ ತಳ ನೋಡುತ್ತಾ ಕೈ ಎತ್ತಿ ಕರೆಯುತ್ತಿದ್ದರು.

"ಬಾ. ಅಡ್ಡ ತಗೋ, ನೆಟ್ಟಗ ತಗೋಬ್ಯಾಡ. ಬಾ, ಬಾ."

ನಾನು ಓರೆಯಾಗಿ, ಒಂದೊಂದೇ ಗಾಲಿ ಹತ್ತಿಸಿ ಇಳಿಸುತ್ತಿದ್ದೆ. ಅವರು ಮತ್ತೆ ಒಳಗೆ ಕೂರುತ್ತಿದ್ದರು. ಮುಂದಿನ ಊರಿನಲ್ಲಿ ಮತ್ತೆ ಇದೇ. ಹೊಲಕ್ಕೆ ಹೊರಟ ಹೆಂಗಸರು ನಿಂತು ನೋಡಿ, ಸೊಕ್ಕಿನ ಗಾಡಿಗೆ ಗಂಡನ ಸೇವಾ ನೋಡು ಎಂದು ಚೇಷ್ಟೆ ಮಾಡುತ್ತಿದ್ದರು. ಕಾಲೇಜಿಗೆ ತಡವಾದ ದಿನ ನನಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು, ಹಂಪಿನ ಮೇಲೆ, ಮೇಕೆಗಳ ಮೇಲೆ, ಕೊಲ್ಹಾಪುರದ ಆ ಸಾಹುಕಾರರ ಮಗನ ಮೇಲೆ. ಇವರ ಮೇಲೆ ಮಾತ್ರ ಬರುತ್ತಿರಲಿಲ್ಲ, ಯಾಕೆಂದರೆ ಹಂಪಿನಾಚೆ ನಿಂತಾಗ ಅವರ ಮುಖದಲ್ಲಿ ಒಂದು ಕಳೆ ಇರುತ್ತಿತ್ತು. ಅಂಗಡಿ ಹೋಗಿತ್ತು, ಚಾವಿ ಹೋಗಿತ್ತು, ದಿನದಲ್ಲಿ ಅವರಿಗೆ ಉಳಿದ ಕೆಲಸ ಅದೊಂದೇ.

ಮಾರಿಬಿಡೋಣ ಎಂದು ನಾನು ಹೇಳಿಲ್ಲವೆಂದಲ್ಲ. ಒಮ್ಮೆ ಊಟಕ್ಕೆ ಬಡಿಸುತ್ತಾ ಹೇಳಿದೆ, ಎತ್ತರದ ಸಾದಾ ಕಾರೊಂದು ತರೋಣ, ನನಗೆ ಮೊಣಕಾಲು ನೋವು ಎಂದು. ಅವರು ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿದರು.

"ಮತ್ತ ನನ್ನ ಕಣ್ಣ ಛಲೋ ಆದಮ್ಯಾಲೆ ನಾ ಏನ್ ಹೊಡೀಲಿ?"

ಕಾರು ಮಾರುವುದು ಎಂದರೆ ಇನ್ನು ನಿಮ್ಮ ಕಣ್ಣು ಬರುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದ ಹಾಗೆ. ಅವರು ಸಾಂಗಲಿಯ ಕಡೆಯ ಯಾವುದೋ ಔಷಧಿಯ ಹನಿ ಹಾಕಿಕೊಳ್ಳುತ್ತಿದ್ದರು. ಹಗಲಿನಲ್ಲಿ ಮುಂಚೆಗಿಂತ ಸ್ವಚ್ಛ ಕಾಣುತ್ತದೆ ಎನ್ನುತ್ತಿದ್ದರು. ನಾನು ನಂಬಿದ್ದೆ, ಅಥವಾ ನಂಬುವುದು ಸುಲಭವಾಗಿತ್ತು. ಸಾರು ಬಡಿಸಿದೆ.

ಆ ದಾರಿಯಲ್ಲಿ ಒಂದೇ ಒಂದು ಛಲೋ ಜಾಗವಿತ್ತು. ಅಣೆಕಟ್ಟಿನ ಹಿನ್ನೀರು ಏರಿದಾಗ ಹಳೆಯ ರಸ್ತೆ ನೀರಿಗೆ ಹೋಗಿ, ಮುಳುಗಡೆಯಿಂದ ಎದ್ದುಬಂದ ಊರುಗಳಿಗಾಗಿ ಮೇಲೆ ಹೊಸ ರಸ್ತೆ ಮಾಡಿದ್ದರು. ಎಡಕ್ಕೆ ಕಣ್ಣು ಹಾಯುವವರೆಗೆ ನೀರು, ಬಲಕ್ಕೆ ಎರೆ ಹೊಲ, ನಡುವೆ ಬಳಪದ ಗೆರೆ ಎಳೆದಂತೆ ನೆಟ್ಟಗಿನ ಡಾಂಬರು. ಅಲ್ಲಿ ಇನ್ನೂ ಯಾರ ಮೇಕೆಯೂ ಸತ್ತಿರಲಿಲ್ಲ. ಆ ಜಾಗ ಬಂದಿದ್ದು ಅವರಿಗೆ ಹೇಗೋ ತಿಳಿಯುತ್ತಿತ್ತು. ಗಾಜು ಇಳಿಸಿ, ಕೈ ಹೊರಗೆ ಹಾಕಿ, ಮೆಲ್ಲಗೆ ಹೇಳುತ್ತಿದ್ದರು:

"ಒಮ್ಮಿ ತುಳಿ."

ತುಳಿಯುತ್ತಿದ್ದೆ. ಎಷ್ಟೇ ದಣಿದಿರಲಿ, ತುಳಿಯುತ್ತಿದ್ದೆ. ಹಿಂದಿನಿಂದ ಯಾರೋ ನೂಕಿದ ಹಾಗೆ ಕಾರು ಹಾರುತ್ತಿತ್ತು, ಬೆನ್ನು ಸೀಟಿಗೆ ಅಂಟುತ್ತಿತ್ತು, ಆ ಒಂದು ನಿಮಿಷ ನನಗೂ ಮೊಣಕಾಲು, ಕಾಲೇಜು, ಮಿರಜು ಏನೂ ನೆನಪಿರುತ್ತಿರಲಿಲ್ಲ. ಆ ಖುಷಿಯನ್ನು ನಾನು ಅಲ್ಲಗಳೆಯಲಾರೆ. ಆಮೇಲೆ ಊರು ಬರುತ್ತಿತ್ತು, ಬ್ರೇಕು, ಎರಡನೇ ಗೇರು.

ಅವತ್ತು ಹುರುಳಿಯ ರಾಶಿಯ ದಿನಗಳು. ನಮ್ಮ ಭಾಗದಲ್ಲಿ ಹುರುಳಿ ಕಿತ್ತು ಒಣಗಿಸಿದ ಮೇಲೆ ಬಳ್ಳಿಸಮೇತ ತಂದು ಡಾಂಬರು ರಸ್ತೆಯ ಮೇಲೆ ಹರವಿಬಿಡುತ್ತಾರೆ. ಕಣ ಮಾಡುವ ಕೆಲಸ ಉಳಿಯಿತು, ಎತ್ತು ತಿರುಗಿಸುವ ಕೆಲಸ ಉಳಿಯಿತು. ಬಸ್ಸು, ಲಾರಿ, ಟ್ರ್ಯಾಕ್ಟರು ಹಾಯ್ದು ಹಾಯ್ದು ಕಾಳು ಉದುರಿಸಿಕೊಡುತ್ತವೆ, ಸಂಜೆಗೆ ತೂರಿಕೊಂಡು ಹೋಗುವುದಷ್ಟೇ. ಯಾರೂ ಬೇಡ ಎನ್ನುವುದಿಲ್ಲ. ನಾನೂ ಎಷ್ಟೋ ರಾಶಿ ತುಳಿದುಕೊಟ್ಟಿದ್ದೆ, ಆದರೆ ಅವು ತೆಳ್ಳಗೆ ಹರವಿದವು.

ಸಂಜೆ ವಾಪಸು ಬರುವಾಗ ಹಿನ್ನೀರಿನ ರಸ್ತೆಯಲ್ಲಿ ಎಂದಿನಂತೆ ತುಳಿ ಎಂದರು, ತುಳಿದೆ. ಇಂಜಿನ್ನು ಚೆನ್ನಾಗಿ ಕಾದಿತ್ತು. ಅದು ಮುಗಿಯುವಲ್ಲಿ ಎದ್ದುಬಂದ ಊರೊಂದರ ಮುಂದೆ ರಸ್ತೆಯ ಅಗಲಕ್ಕೂ ಹುರುಳಿ ಹರವಿದ್ದರು, ಮೊಣಕಾಲ ಮಟ್ಟ. ಬದಿಯಲ್ಲಿ ಹಾಲುಮತದ ಕುರುಬರ ಒಂದು ಮನೆತನ, ಹಣೆಯ ತುಂಬ ಅರಿಷಿಣದ ಭಂಡಾರ, ರಾಶಿಯ ದಣಿವಿನಲ್ಲಿ ಬೇವಿನ ನೆರಳಿಗೆ ಕೂತಿತ್ತು. ನಾನು ನಿಲ್ಲಿಸಿದೆ. ನಮ್ಮವರು ಇಳಿದು, ಬಳ್ಳಿಯಲ್ಲಿ ಕಾಲೆಳೆಯುತ್ತಾ ಆಚೆ ಹೋಗಿ ನಿಂತು ಕೈ ಎತ್ತಿದರು. ನಾನು ಮೆಲ್ಲಗೆ ಹಾಯಿಸಿದೆ. ತಳಕ್ಕೆ ಏನೋ ಕೆರೆದ ಸಪ್ಪಳ. ಏನಾದರೂ ಸಿಕ್ಕಿಕೊಂಡಿದೆಯೇ ನೋಡಿರಿ ಎಂದೆ. ಅವರು ಮುಂದೆ ಬಂದು, ಎರಡೂ ಕೈ ಮೊಣಕಾಲಿಗೆ ಕೊಟ್ಟು, ಬಗ್ಗಿ, ಕಾರಿನ ಹೊಟ್ಟೆಯ ಕಡೆ ಬಹಳ ಹೊತ್ತು ನೋಡಿದರು.

"ಏನಿಲ್ಲ. ಸ್ವಚ್ಛ ಐತಿ. ನಡಿ."

ಬಂದು ಕೂತರು. ಒಂದು ಹೊಲದಷ್ಟು ದೂರ ಹೋಗಿರಬೇಕು. ಅವರು ಮೂಗು ಎತ್ತಿದರು.

"ನಿಲ್ಸು. ಇಳಿ. ಲಗೂನ ಇಳಿ."

ನನಗೆ ಇನ್ನೂ ವಾಸನೆ ಬಂದಿರಲಿಲ್ಲ. ನಿಲ್ಲಿಸಿದಾಗ ಮುಂದಿನಿಂದ ಹೊಗೆ ಎದ್ದಿತು. ಏಳಲು ಹೋದರೆ ಸೆರಗು ಹ್ಯಾಂಡ್‌ಬ್ರೇಕಿಗೆ ಸಿಕ್ಕಿತ್ತು, ಮೊಣಕಾಲು ಮಾತು ಕೇಳಲಿಲ್ಲ. ಅವರು ಅತ್ತ ಕಡೆಯಿಂದ ಇಳಿದು, ಬಿಸಿಯಾದ ಬಾನೆಟ್ಟಿನ ಮೇಲೆ ಕೈ ಸವರುತ್ತಾ ಸುತ್ತಿ ಬಂದು, ನನ್ನ ರಟ್ಟೆ ಹುಡುಕಿ ಹಿಡಿದು ಜಗ್ಗಿದರು. ಸೆರಗು ಹರಿದು ನಾನು ಹೊರಗೆ ಬಂದೆ. ತಳದಲ್ಲಿ ಬೆಂಕಿಯ ನಾಲಗೆ ಕಾಣುತ್ತಿತ್ತು. ಅಷ್ಟರಲ್ಲಿ ಬೇವಿನ ಕೆಳಗಿನವರೆಲ್ಲ ಓಡಿಬಂದು, ಸಲಿಕೆಯಿಂದ ಮಣ್ಣು ಎರಚಿ, ಕುಡಿಯುವ ನೀರಿನ ಕೊಡದಲ್ಲಿ ಗೋಣಿಚೀಲ ಅದ್ದಿ ಬಡಿದು ಆರಿಸಿದರು. ಆ ಮನೆತನದ ಹಿರಿಯಣ್ಣ ಕೋಲು ಹಾಕಿ ತಳದಿಂದ ಎಳೆದ. ಅರ್ಧ ಸುಟ್ಟ ಹುರುಳಿಬಳ್ಳಿ, ಒಂದು ದೊಡ್ಡ ಹೊರೆ. ಇನ್ನೂ ಬರುತ್ತಲೇ ಇತ್ತು.

ಆ ಮನೆಯ ಮುದುಕಿ ಹೊರೆಯನ್ನು ನೋಡಿದಳು, ಆಮೇಲೆ ನಮ್ಮವರನ್ನು ನೋಡಿದಳು. ಸೊಂಟದ ಮೇಲೆ ಕೈಯಿಟ್ಟು ಕೇಳಿದಳು:

"ಬಗ್ಗಿ ನೋಡಿದ್ಯಲ್ಲೋ ಯಪ್ಪಾ. ಇಷ್ಟ ಹೊಟ್ಟು ಜೋತಾಡಾಕತ್ತಿತ್ತು. ಕಾಣಲಿಲ್ಲೇನು?"

ಟ್ರೇಲರಿಗೆ ಲೈಟಿರಲಿಲ್ಲ ಎಂಬಂಥದೇ ಏನನ್ನಾದರೂ ಹೇಳುತ್ತಾರೆ ಎಂದು ನಾನು ಕಾದೆ. ಹೇಳಲಿ ಎಂದೂ ಅನಿಸಿತು. ಅವರು ಮುದುಕಿಯ ದನಿ ಬಂದ ಕಡೆ ಮುಖ ತಿರುಗಿಸಿದರು. ಮುದುಕಿ ಅಷ್ಟರಲ್ಲಿ ಒಂದು ಹೆಜ್ಜೆ ಸರಿದಿದ್ದಳು. ಅವರು ಬರೀ ಗಾಳಿಯನ್ನು ನೋಡುತ್ತಾ ಹೇಳಿದರು:

"ಕಾಣಲಿಲ್ಲವ್ವಾ. ನನಗ ಏನೂ ಕಾಣ್ಸೂದಿಲ್ಲ."

ನನಗೆ ಸಿಟ್ಟು ಬಂತು. ಹೌದು, ಆ ಕ್ಷಣ ಬಂದಿದ್ದು ದುಃಖವಲ್ಲ, ಸಿಟ್ಟು. ದಿನಾ ಪಕ್ಕದಲ್ಲಿ ಕೂತ ನನಗೆ ಹೇಳದ ಮಾತನ್ನು ಗುರುತಿಲ್ಲದ ಮುದುಕಿಗೆ ಹೇಳಿದರಲ್ಲ! ಮುದುಕಿ ನನ್ನ ಕಡೆ ತಿರುಗಿ, ಕಾಣದವರನ್ನು ನೋಡಲಿಕ್ಕೆ ಇಳಿಸುತ್ತೀಯಲ್ಲ ತಂಗಿ ಎಂದು ಬೈದಳು. ಬೈದು, ಹರಿದ ಸೆರಗಿನ ಮೇಲೆ ತನ್ನ ಕಂಬಳಿ ಹೊದಿಸಿ, ಇಬ್ಬರನ್ನೂ ನೆರಳಿಗೆ ಕೂರಿಸಿ ಮಜ್ಜಿಗೆ ಕೊಟ್ಟಳು.

ಹಿರಿಯಣ್ಣ ಕಾರು ಎಳೆಯಲು ಟ್ರ್ಯಾಕ್ಟರು ತರಲು ಹೋದ. ನಾವಿಬ್ಬರೇ ಕೂತಿದ್ದೆವು. ಮಜ್ಜಿಗೆಯ ಲೋಟ ಅವರ ಕೈಗೆ ಕೊಟ್ಟು, ಯಾವಾಗಿನಿಂದ ಎಂದು ಕೇಳಿದೆ. ಹೋದ ದೀಪಾವಳಿಯಿಂದ, ಹಣತೆ ಹಚ್ಚಿದ್ದೀಯೋ ಇಲ್ಲವೋ ತಿಳಿಯಲಿಲ್ಲ ಅವತ್ತು, ಎಂದರು. ಬೆಳಕು ಕತ್ತಲೆಯಷ್ಟೇ ಗೊತ್ತಾಗುತ್ತದಂತೆ.

"ಮತ್ತ ದಿನಾ ಯಾಕ ಇಳೀತಿದ್ರಿ?"

"ಇಳೀಲಿಲ್ಲಂದ್ರ ನಿನಗ ತಿಳೀತಿತ್ತು." ಸ್ವಲ್ಪ ಮಜ್ಜಿಗೆ ಕುಡಿದರು. "ಮತ್ತ, ಆಚೆ ನಿಂತ್ರ ಅದು ನನ್ನ ಕಡೆ ಬರೂದು ಕೇಳತಿತ್ತು. ಎಷ್ಟ ಸನೇಕ ಬಂತು, ಯಾವ ಗಾಲಿ ಹತ್ತೀತು, ಎಲ್ಲಾ ತಿಳೀತಿತ್ತು. ನೀ ಬರಾಕತ್ತಿ ಅಂತ ತಿಳೀತಿತ್ತು."

ನಾನು ಅವರ ಕೈ ನೋಡಿದೆ. ಬಾನೆಟ್ಟು ಸವರಿದ ಅಂಗೈ ಕೆಂಪಾಗಿ ಬೊಬ್ಬೆ ಎದ್ದಿತ್ತು. ಅದನ್ನೂ ಹೇಳಿರಲಿಲ್ಲ. ಕೊಡದಲ್ಲಿ ಉಳಿದಿದ್ದ ನೀರು ಹನಿಸಿದೆ. ಆಗ ಅಳು ಬಂತು, ತಡೆಯಲಿಲ್ಲ.

"ಮಾರಿಬಿಡು ಅದನ್ನ," ಎಂದರು. "ಯಾವುದಾರ ಎತ್ತರದ ಗಾಡಿ ತಗೋ. ನಿನ್ನ ಕಾಲು ಕೆಟ್ಟು ಹೊಕ್ಕಾವು."

ಕಬ್ಬಿನ ಹೊರೆ ಕಟ್ಟುವ ಹಗ್ಗದಿಂದ ಕಟ್ಟಿ, ಟ್ರ್ಯಾಕ್ಟರು ಚಪ್ಪಟಿಯನ್ನು ಜಮಖಂಡಿಗೆ ಎಳೆದು ತಂದಿತು. ಚಪ್ಪಟಿಯ ಸ್ಟಿಯರಿಂಗ್ ಹಿಡಿದು ಹಿರಿಯಣ್ಣ ಕೂತಿದ್ದ, ಟ್ರ್ಯಾಕ್ಟರಿನ ಡ್ರೈವರ್ ಹಾಡು ಹಚ್ಚಿದ್ದ. ಪ್ರತಿ ಹಂಪಿನಲ್ಲೂ ಅದರ ಹೊಟ್ಟೆ ಉಜ್ಜಿದ್ದು ಕೇಳಿಸುತ್ತಿತ್ತು. ಈಗ ಇಳಿಯುವವರು ಯಾರೂ ಇರಲಿಲ್ಲ, ಇಬ್ಬರೂ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೂತಿದ್ದೆವು.

ರಿಪೇರಿಯಾದ ಮೇಲೆ ಬೆಳಗಾವಿಯ ಒಬ್ಬ ಹುಡುಗ ಬಂದು ಕೊಂಡು ಹೋದ. ನಮ್ಮವರು ಅವನನ್ನು ಪಕ್ಕ ಕೂರಿಸಿಕೊಂಡು ಅದರ ಒಂದೊಂದೇ ಸ್ವಭಾವ ಹೇಳಿಕೊಟ್ಟರು, ಮಗಳನ್ನು ಕೊಟ್ಟ ಮನೆಯವರಿಗೆ ಹೇಳುವ ಹಾಗೆ. ಅದು ಓಣಿ ತಿರುಗಿ, ಪೇಟೆ ದಾಟಿ, ಸಪ್ಪಳ ಪೂರ್ತಿ ನಿಲ್ಲುವವರೆಗೆ ಬಾಗಿಲಲ್ಲಿ ನಿಂತಿದ್ದರು. ನನಗೆ ಬಹಳ ಮೊದಲೇ ಕೇಳುವುದು ನಿಂತಿತ್ತು.

ಬಂದಿದ್ದು ಎಲ್ಲರ ಮನೆಯಲ್ಲೂ ಇರುವಂಥ ಬಿಳಿ ಕಾರು. ಸೀರೆ ಉಟ್ಟು ಕುರ್ಚಿಯಿಂದ ಎದ್ದಂತೆ ಏಳಬಹುದು. ಕ್ಲಚ್ಚು ಬೆಣ್ಣೆ. ಮೊದಲ ದಿನ ಹೊರಟಾಗ, ಊರ ಹೊರಗಿನ ಮೊದಲ ಹಂಪಿನ ಮುಂದೆ, ರೂಢಿ ನೋಡಿ, ನನ್ನ ಕಾಲು ತಾನಾಗಿಯೇ ಬ್ರೇಕು ಒತ್ತಿತು. ಅವರು ಬಾಗಿಲು ತೆಗೆದು ಇಳಿದರು. ಈ ಗಾಡಿಗೆ ಬೇಕಾಗಿಲ್ಲರೀ ಎಂದು ಹೇಳಲು ಬಾಯಿ ತೆಗೆದವಳು ಗೇರು ತೆಗೆದು ಕಾಯುತ್ತಾ ಕೂತೆ. ಬಾನೆಟ್ಟಿನ ಮೇಲೆ ಕೈಯಾಡಿಸುತ್ತಾ ಮುಂದೆ ಹೋಗಿ, ಕಾಲಿನಿಂದ ಹಂಪು ಹುಡುಕಿ ದಾಟಿ, ಆಚೆ ನಿಂತು, ಈ ಕಡೆ ಮುಖ ಮಾಡಿ ಕೈ ಎತ್ತಿದರು.

"ಬಾ. ಅಡ್ಡ ತಗೋ."

ನಾನು ಅಡ್ಡ ತೆಗೆದುಕೊಂಡೆ. ಎಲ್ಲೂ ಏನೂ ತಾಗಲಿಲ್ಲ. ಸಾದಾ ಕಾರು, ಸಪ್ಪಳವೇ ಇಲ್ಲದೆ ಹಂಪು ಹತ್ತಿ ಇಳಿದು ಅವರ ಪಕ್ಕಕ್ಕೆ ಬಂದು ನಿಂತಿತು. ಅವರ ಕೈ ಇನ್ನೂ ಮೇಲೆಯೇ ಇತ್ತು, ಮುಖ ಇನ್ನೂ ಹಂಪಿನ ಕಡೆಗೇ ಇತ್ತು.

"ಬಾ," ಎಂದರು. "ಬಾ, ಬಾ."

ನಾನು ಗಾಜು ಇಳಿಸಿದೆ.

"ಬಂದೇನ್ರೀ. ಇಲ್ಲೇ ಅದೇನಿ."

ಎತ್ತಿದ ಕೈ ಮೆಲ್ಲಗೆ ಇಳಿದು, ಗಾಳಿಯಲ್ಲಿ ತಡಕಾಡಿ, ಕಿಟಕಿಯ ಅಂಚು ಸಿಕ್ಕಿದ ಮೇಲೆ ನಿಂತಿತು.

"ಯಾವಾಗ ಬಂದಿ?" ಎಂದರು.